ಹೊಳೆಗುಂದಿಯ ಮುಜಾವರ್ತಿ

14 ಫೆಬ್ರುವರಿ 2000, ಸೋಮವಾರ

ಮತ್ತೆ ಬಸ್ ತಪ್ಪಿತು. ಕಾರಣ ವೈಶಾಲಿ. ರೂಮಿನಲ್ಲಿ ಇರುವುದು ಒಂದೇ ಕನ್ನಡಿ, ಅವಳ ಜಡೆ ನೋಡಿದರೆ ಮೊಣಕಾಲಿನವರೆಗೆ. ಜಮಖಂಡಿಯಲ್ಲಿ ಬಾಡಿಗೆ ಹಿಡಿಯುವಾಗ ಇದನ್ನೆಲ್ಲ ಯೋಚಿಸಬೇಕಿತ್ತು. ಇಬ್ಬರೂ ಒಂದೇ ಸಂಸ್ಥೆ, ಒಂದೇ ಸಂಬಳ, ಆದರೆ ಕನ್ನಡಿ ಮಾತ್ರ ಅವಳದು.

ಬೀಳಗಿಯ ಎರಡನೆಯ ಬಸ್ಸಿನಲ್ಲಿ ಪಕ್ಕದ ಅಜ್ಜಿ ಶುರು ಮಾಡಿದಳು.

"ಯಾವೂರ್ರಿ ನಿಮ್ಮದು?"

"ಬನಹಟ್ಟಿ."

"ಹೆಸರೇನ್ರಿ?"

"ಅಫ್ರೋಜಾ. ಅಫ್ರೋಜಾ ಮೋಮಿನ್."

"ಹಂಗಾರ ಬನಹಟ್ಟಿ ಅಲ್ಲ ಬಿಡ್ರಿ. ಖರೆ ಊರು ಯಾವುದು?"

ಅಲ್ಲೇ ಹುಟ್ಟಿದೆ, ಅಲ್ಲೇ ಸಾಲಿ ಕಲಿತೆ ಅಂತ ಎಷ್ಟು ಹೇಳಿದರೂ ಅಜ್ಜಿ ಬಿಡಲಿಲ್ಲ. ಸೋತು "ಮಾಲೆಗಾಂವ್" ಅಂದೆ. ಆಗ ಅವಳಿಗೆ ಸಮಾಧಾನ, ಸೆರಗು ಮುಖಕ್ಕೆ ಎಳೆದುಕೊಂಡು ನಿದ್ದೆ ಹೋದಳು. ನಾನು ಮಾಲೆಗಾಂವ್ ನೋಡಿದ್ದು ಎರಡೇ ಸಲ. ಎರಡೂ ಸಲ ಹೊಟ್ಟೆ ಕೆಟ್ಟಿತ್ತು. ಅಬ್ಬಾ 67ರಲ್ಲಿ ಮಗ್ಗದ ಕೆಲಸ ಹುಡುಕಿಕೊಂಡು ಅಲ್ಲಿಂದ ಬನಹಟ್ಟಿಗೆ ಬಂದವರು, ಇವತ್ತಿಗೂ 'ನಮ್ಮೂರು' ಅಂದರೆ ಅವರಿಗೆ ಮಾಲೆಗಾಂವ್. ಅಲ್ಲಿಗೆ ಹೋದರೆ ಚಾಚಾನ ಮಕ್ಕಳು ನನ್ನ ಉರ್ದು ಕೇಳಿ "ಕಾನಡೀ ಆಯೀ" ಅಂತ ಬಿದ್ದು ಬಿದ್ದು ನಗುತ್ತಾರೆ. ಜಮಖಂಡಿಯ ನಮ್ಮವರ ಓಣಿಗೆ ಸರ್ವೆಗೆ ಹೋದರೆ "ಕನ್ನಡದ ಬಾಯಿ ಬಂದಳು" ಅಂತಾರೆ. ಆಫೀಸಿಗೆ ಬುರ್ಖಾ ತೊಟ್ಟವರು ಯಾರೇ ಬರಲಿ, ಎಲ್ಲರೂ ನನ್ನ ಕಡೆ ತಿರುಗುತ್ತಾರೆ... ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯು. ಮಾಡಿದ್ದೇನೆ ಮಾರಾಯರೇ, ಫಸ್ಟ್ ಕ್ಲಾಸು!

ಇರಲಿ. ನಾಳೆ ಹೊಳೆಗುಂದಿಯಲ್ಲಿ ರಂಗೋಲಿ ನಕ್ಷೆ. ಆಲಮಟ್ಟಿಯ ನೀರು ಈ ಮಳೆಗಾಲಕ್ಕೆ ಆ ಊರಿನೊಳಗೆ ಬರುತ್ತದೆ. ಅಷ್ಟರಲ್ಲಿ ಎಲ್ಲರೂ ಮೇಲಿನ ಮಡ್ಡಿಯ ಪುನರ್ವಸತಿ ಕೇಂದ್ರಕ್ಕೆ ಹೋಗಬೇಕು. ಜನರ ಬಾಯಲ್ಲಿ ಅದು ಆರ್.ಸಿ. ಒಪ್ಪಿಸಿ ಕರೆದೊಯ್ಯುವುದು ನಮ್ಮ ಸಂಸ್ಥೆಯ ಕೆಲಸ. ಹೊಳೆಗುಂದಿ ನನ್ನ ಊರು — ಅಂದರೆ ಹಂಚಿಕೆಯಲ್ಲಿ ನನ್ನ ಪಾಲಿಗೆ ಬಂದ ಊರು.

15 ಫೆಬ್ರುವರಿ

ಮರ್ಯಾದೆ ಹೋಯಿತು. ನಿಧಾನಕ್ಕೆ ಬರೆಯುತ್ತೇನೆ.

ಹಣಮಪ್ಪನ ಗುಡಿಯ ಕಟ್ಟೆಯ ಮುಂದೆ ಇಡೀ ಊರು ಕೂತಿತ್ತು. ಹೊಸ ಊರಿನ ನಕ್ಷೆಯನ್ನು ನೆಲದ ಮೇಲೆ ರಂಗೋಲಿಯಲ್ಲಿ ಬಿಡಿಸಿದೆ. ರಸ್ತೆಗೆ ಬಿಳಿ, ಮನೆಗಳಿಗೆ ಹಳದಿ, ಸಾಲಿಗೆ ಗುಲಾಬಿ. ಹಣಮಪ್ಪನ ಗುಡಿ, ಬೀರಪ್ಪನ ಗುಡಿ, ಬಸವಣ್ಣನ ಗುಡಿ, ಸಮುದಾಯ ಭವನ, ಆಟದ ಮೈದಾನ, ನಳ. ಎದ್ದು ನಿಂತು ಸೊಂಟಕ್ಕೆ ಕೈ ಇಟ್ಟೆ. ನನಗೇ ಖುಷಿಯಾಗಿತ್ತು, ಸುಳ್ಳೇಕೆ.

ಹಣಮವ್ವ ಮುಂದೆ ಬಂದಳು. ಕುರುಬರ ಓಣಿಯ ಮುದುಕಿ, ಊರಿನ ಬಾಯಿ. ನಕ್ಷೆಯ ಸುತ್ತ ಒಂದು ಸುತ್ತು ಹಾಕಿದಳು.

"ಬಾಯಾರ, ಎಲ್ಲಾ ಛಲೋ ಬರದೀರಿ. ಮಸೂತಿ ಎಲ್ಲೈತಿ?"

"ಮಸೂತಿ ಯಾಕ್ರಿ ಆಯೀ? ನಿಮ್ಮೂರಾಗ ಮುಸಲ್ಮಾನರ ಮನಿ ಒಂದೂ ಇಲ್ಲಲ್ಲ. ಸರ್ವೆ ಮಾಡೀನಿ ನಾ."

ಸರ್ವೆ ಅನ್ನುವಾಗ ದನಿ ಸ್ವಲ್ಪ ಏರಿಸಿದ್ದೆ. ಹಣಮವ್ವನ ಮಗ ಹೊಳೆಪ್ಪ ಎದ್ದು ನಿಂತ. ಹಾಸುಗಲ್ಲಿನಂಥ ಎದೆಯ ಆಳು, ಮಾತು ಮಾತ್ರ ಮೆತ್ತಗೆ.

"ಮನಿ ಇಲ್ರಿ. ದೇವ್ರು ಅದಾನ."

ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಓಣಿಯ ಮೂಲೆಯ ಹಂಚಿನ ಮನೆ. ಯಾವಾಗಲೂ ಬೀಗ. ನನಗೆ ಗೊತ್ತಿತ್ತು ಆ ಮನೆ. ಸರ್ವೆಯಲ್ಲಿ ನಾನೇ ಬರೆದಿದ್ದೆ — 'ಉಗ್ರಾಣ'.

ಹೊಳೆಪ್ಪ ಬೀಗ ತೆಗೆದ. ಒಳಗೆ ಊದಿನ ವಾಸನೆ, ನವಿಲುಗರಿಯ ಕಟ್ಟು, ಸಾಗವಾನಿ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅಲಾಯಿ ದೇವರ ಪಂಜಾಗಳು, ಅಂಗೈ ಆಕಾರದ ಲೋಹದ ಮೂರ್ತಿಗಳು. ಹಸೇನಸಾಬ, ಹುಸೇನಸಾಬ, ನಡುವೆ ಬೀಬಿ ಫಾತಿಮಾ. ಮೊಹರಂಗೆ ಹೊರಗೆ ಬರುತ್ತಾರಂತೆ, ಉಳಿದ ದಿನ ನಿದ್ದೆಯಂತೆ. ಕುರುಬರು ಹೊರುತ್ತಾರೆ, ಲಿಂಗಾಯತರು ಎಣ್ಣೆ ಕೊಡುತ್ತಾರೆ.

ನಾನು ಬನಹಟ್ಟಿಯ ಹುಡುಗಿ. ಅಲಾಯಿ ನೋಡಿಲ್ಲವೇ? ನೋಡಿದ್ದೇನೆ, ಕಿಟಕಿಯಿಂದ. ಅಬ್ಬಾ ಬಾಗಿಲು ಹಾಕಿಕೊಳ್ಳುತ್ತಿದ್ದರು, ಅದು ನಮ್ಮದಲ್ಲ ಅಂತ. ಆದರೆ ನಮ್ಮವರು ಒಬ್ಬರೂ ಇಲ್ಲದ ಊರಿನಲ್ಲಿ ಇದು ಇರಬಹುದು ಅಂತ ನನ್ನ ತಲೆಗೇ ಬರಲಿಲ್ಲ. ಇಡೀ ಸಂಸ್ಥೆಯಲ್ಲಿ ಮಸೂತಿಯನ್ನು ಉಗ್ರಾಣ ಅಂತ ಬರೆದವಳು ಯಾರು? ಅಫ್ರೋಜಾ ಮೋಮಿನ್. ವೈಶಾಲಿಗೆ ಹೇಳಿದೆ. ತಪ್ಪು ಮಾಡಿದೆ. ಇನ್ನೂ ನಗುತ್ತಿದ್ದಾಳೆ.

16 ಫೆಬ್ರುವರಿ

ಹೊಳೆಪ್ಪ ನಿನ್ನೆ ಹೊರಡುವಾಗ ಹೇಳಿದ್ದನ್ನು ಬರೆಯುವುದು ಮರೆತೆ. ಅಸಲಿ ಕಷ್ಟ ಅಲ್ಲೇ ಇದೆ.

"ಈ ವರ್ಷ ಅಲಾಯಿ ಕುಣಿ ಎಲ್ಲಿ ತಗೀತೇವೋ ಅಲ್ಲೇ ನಾವ್ರಿ. ಮ್ಯಾಲ ತಗದ್ರ ಎಲ್ಲಾರೂ ಮ್ಯಾಲ ಬರ್ತೇವಿ. ಇಲ್ಲೇ ತಗದ್ರ ಇಲ್ಲೇ, ಬರೂ ಮೊಹರಮ್ಮಿನ ತನಕ. ದೇವ್ರನ್ನ ನಡುವ ಬಿಟ್ಟ ಎದ್ದ ಹೋಗಾಕ ಬರಾಂಗಿಲ್ಲ."

ಕುಣಿ ಅಂದರೆ ಮೊಹರಂನಲ್ಲಿ ದೇವರ ಮುಂದೆ ಬೆಂಕಿ ಹಾಕುವ ಗುಂಡಿ. ಮೊಹರಂ ಏಪ್ರಿಲ್‌ನಲ್ಲಿ. ನೀರು ಜುಲೈನಲ್ಲಿ. ಅಂದರೆ ಏಪ್ರಿಲ್‌ನಲ್ಲಿ ಕುಣಿ ಮಡ್ಡಿಯ ಮೇಲೆ ಬೀಳದಿದ್ದರೆ ಇಡೀ ಊರು ನೀರಿನ ಬಾಯಲ್ಲಿ.

21 ಫೆಬ್ರುವರಿ

ಮಹಾಲಿಂಗಪ್ಪ ಸರ್ ಮುಂದೆ ನಿಂತೆ. ನಮ್ಮ ಯೋಜನಾಧಿಕಾರಿ, ಮುಧೋಳದವರು. ಸಿಟ್ಟು ಬಂದರೆ ಚಸ್ಮಾ ಒರೆಸುತ್ತಾರೆ. ಇವತ್ತು ಬಹಳ ಹೊತ್ತು ಒರೆಸಿದರು.

"ಮಸೂತಿ ಪ್ಲ್ಯಾನಿನಾಗ ಇಲ್ಲಲ್ಲವಾ."

"ನನ್ನ ತಪ್ಪು ಸರ್. ಆಟದ ಮೈದಾನದ ಮೂಲ್ಯಾಗ ಜಾಗಾ ಐತಿ ಸರ್."

"ಮೈದಾನದಾಗ ಕುಣಿ ತೋಡೂದಾ?"

"ಹುಡುಗರು ಗೋಲಿ ಆಡಾಕ ತೋಡೂದಿಲ್ಲೇನ್ ಸರ್?"

ಚಸ್ಮಾ ಹಾಕಿಕೊಂಡರು. ನಕ್ಷೆ ನೋಡಿದರು. ಮೈದಾನದಲ್ಲಿ ಕುಣಿ ತೋಡಬಾರದು ಅಂತ ಎಲ್ಲೂ ಬರೆದಿಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ಇಂಜಿನಿಯರ್ ಜೊತೆ ಮಾತಾಡುವುದು ಅವರ ಪಾಲಿಗೆ. ಅಂಥ ಮನುಷ್ಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಖುಷಿಗೆ ವೈಶಾಲಿಗೆ ಗಿರಮಿಟ್ಟು ಕೊಡಿಸಿದೆ.

3 ಮಾರ್ಚ್, ಶುಕ್ರವಾರ

ಸುಮ್ಮನೆ ಖುಷಿಪಟ್ಟೆ. ಜಾಗ ಸಿಕ್ಕಿತು, ಮನುಷ್ಯ ಇಲ್ಲ.

ಗುದ್ದಲಿ ಹಾಕುವ ಮುನ್ನ ಓದಿಕೆ ಆಗಬೇಕು. ಸಕ್ಕರೆ ಇಟ್ಟು, ಊದು ಹಾಕಿ, ಕುರಾನಿನ ಫಾತಿಹಾ ಓದಬೇಕು. ಓದುವವನು ಮುಜಾವರ, ಅವನು ಮುಸಲ್ಮಾನನೇ ಆಗಬೇಕು. ಊರಿನ ಮುಜಾವರ ಇಮಾಮಸಾಬ ತೀರಿಕೊಂಡು ಎಷ್ಟೋ ವರ್ಷ. ಅವನ ಮಗ ಮಗ್ಗದ ಕೆಲಸಕ್ಕೆ ಇಚಲಕರಂಜಿಗೆ ಹೋದವನು ತಿರುಗಿ ನೋಡಿಲ್ಲ. ಮಗ್ಗ ನಮ್ಮಪ್ಪನನ್ನು ಈ ಕಡೆ ತಂದಿತು, ಇವರ ಮುಜಾವರನನ್ನು ಆ ಕಡೆ ಒಯ್ದಿತು. ಆಮೇಲೆ ಪಕ್ಕದ ಊರಿನ ಮುಜಾವರ ಬಂದು ಓದುತ್ತಿದ್ದನಂತೆ. ಈ ವರ್ಷ ಆ ಊರೂ ಏಳುತ್ತಿದೆ. ಅವನಿಗೆ ಅವನದೇ ಸಾಕಾಗಿದೆ.

ಹೊಳೆಪ್ಪ ಕೆಮ್ಮಿದ. ನೆಲ ನೋಡಿದ.

"ನೀವು ಅದೀರಲ್ರಿ ಬಾಯಾರ."

"ನಾನಾ?"

"ನಿಮ್ಮ ಮಂದ್ಯಾಗಿನ ಓದ್ಕಿ ನಿಮಗ ಬರೂದಿಲ್ಲೇನ್ರಿ?"

ಸಿಟ್ಟು ನೆತ್ತಿಗೇರಿತು. ಆರು ತಿಂಗಳಿಂದ ಬಿಸಿಲಲ್ಲಿ ತಿರುಗಿದ್ದು, ಮನೆ ಮನೆಯ ಕಷ್ಟ ಕೇಳಿದ್ದು, ಸಾಲಿಗಾಗಿ ಜಗಳಾಡಿದ್ದು... ಕೊನೆಗೆ ಇವರ ಕಣ್ಣಿಗೆ ಕಂಡದ್ದು ನನ್ನ ಹೆಸರೊಂದೇ?

"ನಾ ಸೋಶಿಯಲ್ ವರ್ಕರ್ ಅದೀನ್ರಿ. ಮುಲ್ಲಾ ಅಲ್ಲ."

ಹಣಮವ್ವ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಎರಡೂ ಆಗಾಕ ಏನ ಧಾಡಿ ನನ್ನವ್ವಾ?"

ಬಸ್ಸಿನಲ್ಲಿ ಬರುವಾಗ ಹತ್ತು ಉತ್ತರ ಹೊಳೆದವು. ವೈಶಾಲಿ ಹೊಸ ಹೆಸರಿಟ್ಟಿದ್ದಾಳೆ — ಮುಜಾವರ್ತಿ. "ಏ ಮುಜಾವರ್ತಿ, ಬಕೆಟ್ ಖಾಲಿ ಮಾಡಽ" ಅಂತಾಳೆ.

17 ಮಾರ್ಚ್, ಬಕ್ರೀದ್. ಬನಹಟ್ಟಿ.

ಮನೆ ತುಂಬ ಜನ, ಹೊಟ್ಟೆ ತುಂಬ ಊಟ. ಎದುರು ಮನೆಯ ಭಾಗವ್ವ ಕಾಕುಗೆ ಶೀರಖುರ್ಮಾ ಕೊಟ್ಟು ಬಂದೆ. ಅವರ ಮನೆಯವರೇ ಅಬ್ಬಾಗೆ ಮೊದಲ ಮಗ್ಗ ಕೊಟ್ಟವರು. ಹಬ್ಬ ಯಾರದೇ ಇರಲಿ, ಎರಡೂ ಮನೆಯಲ್ಲಿ ಒಲೆ ಉರಿಯುತ್ತದೆ.

ಊಟ ಆದಮೇಲೆ ಅಬ್ಬಾ ಒಳ್ಳೆ ಮೂಡಿನಲ್ಲಿ ಇದ್ದಾಗ ಕೇಳಿದೆ. ನೀವೇ ಒಂದು ದಿನ ಬಂದು ಓದಿ ಹೋಗಿ, ಊರು ಉಳಿಯುತ್ತದೆ.

"ನಕ್ಕೋ ಬೇಟಾ." ಬೇಡ ಅಂತ.

ಅಷ್ಟೇ. ಆಮೇಲೆ ಸಮಾಧಾನದಿಂದ ಕಾರಣ ಹೇಳಿದರು. ಪಂಜಾದ ಮುಂದೆ ಓದುವುದು ಅವರಿಗೆ ಒಪ್ಪಿಗೆಯಲ್ಲ, ಅವರ ಅಪ್ಪನಿಗೂ ಇರಲಿಲ್ಲ. ಆ ಜನ ಒಳ್ಳೆಯವರು, ಅದು ಬೇರೆ ಮಾತು. ಸೊಲ್ಲಾಪುರದಲ್ಲಿ ಹುಟ್ಟಿದ ಅಮ್ಮಿ ಅಡಿಗೆಮನೆಯಿಂದ "ನಮ್ಮ ನಾನಿ ಪಂಜಾಕ್ಕೆ ಊದು ಹಾಕುತ್ತಿದ್ದಳು" ಅಂದಳು, ಗೋಡೆಗೆ ಹೇಳಿದ ಹಾಗೆ. ಅಬ್ಬಾ ಕೇಳಿಸದವರಂತೆ ಪೇಪರ್ ತಿರುವಿದರು.

ನಾನು ಜಗಳಾಡಲಿಲ್ಲ. ಅವರ ನಂಬಿಕೆ ಅವರದು. ಆದರೆ ಹೊಳೆಗುಂದಿ? ಜಮಖಂಡಿಯಲ್ಲಿ ಒಬ್ಬ ಮೌಲಾನಾರನ್ನೂ ಕೇಳಿದ್ದೆ. ಅವರದೂ ಅದೇ ಮಾತು, ಜೊತೆಗೆ ಚಹಾ.

21 ಮಾರ್ಚ್

ಹೊಳೆಗುಂದಿಯಲ್ಲಿ ಸುಣ್ಣದ ವಾಸನೆ. ಹೊಳೆಪ್ಪ ಗೋಡೆಗೆ ಏಣಿ ಹಚ್ಚಿ ಹಳೆಯ ಮಸೂತಿಗೆ ಸುಣ್ಣ ಹೊಡೆಯುತ್ತಿದ್ದ.

"ಏನ್ ಮಾಡಾಕತ್ತೀರಿ?"

"ಮತ್ತೇನ್ ಮಾಡೂಣ್ರಿ? ಇಲ್ಲಾದ್ರ ಹಳೇ ಕುಣಿ ಐತಿ, ಮೊದಲನ ಓದ್ಕಿ ಆಗೇತಿ ಅಂತ ನಡಸ್ತೇವಿ. ಹೊಸಾ ನೆಲಕ್ಕ ಓದ್ಕಿ ಇಲ್ದ ಗುದ್ದಲಿ ಹಾಕಾಕ ಬರಾಂಗಿಲ್ಲ."

ಸುಣ್ಣದ ಹನಿ ಅವನ ಮೀಸೆಯ ಮೇಲೆ. ಹಿಂದೆ ಓಣಿಯಲ್ಲಿ ಕೂಸುಗಳು ತೊಟ್ಟಿಲಲ್ಲಿ, ಎಮ್ಮೆಗಳು ಗೂಟದಲ್ಲಿ, ಅವುಗಳ ಹಿಂದೆ ಹೊಳೆ. ಜುಲೈನಲ್ಲಿ ಅದು ಎದ್ದು ಬಂದರೆ? ಬಾಯಿಂದ ತಾನಾಗಿ ಬಂತು —

"ನಾ ಓದ್ತೀನಿ. ಕೆಳಗ ಇಳೀರಿ ನೀವು."

ಇಳಿದ. ಸುದ್ದಿ ಊರು ಸುತ್ತಿ ಬರುವಷ್ಟರಲ್ಲಿ ಅಂಗಡಿ ಧರೆಪ್ಪ ತಕರಾರು ತಂದ. ಹಿರಿಯ, ಮೂರು ಊರಿನ ಪಂಚಾಯ್ತಿ ಮಾಡಿದವ.

"ಹೆಣ್ಮಗಳ ಕಡಿಂದ ಓದ್ಕಿ ಮಾಡ್ಸಿದ್ದ ನಾ ಎಲ್ಲೂ ಕೇಳಿಲ್ಲ."

ಹಣಮವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಧರೆಪ್ಪಾ, ಮೂರು ದೇವ್ರಾಗ ನಡುವ ನಿಂದ್ರಾಕಿ ಯಾರೋ?"

"ಬೀಬಿ ಫಾತಿಮಾ."

"ಗಂಡಸೋ ಹೆಂಗಸೋ?"

ಧರೆಪ್ಪ ರುಮಾಲು ಸರಿಮಾಡಿಕೊಂಡ.

"ಆಕಿಗೆ ವರ್ಷಾ ವರ್ಷಾ ಕಾಲಿಗೆ ಬೀಳ್ತಿ. ಈಕಿ ಓದಿದ್ರ ನಿನಗ ಮೈಲಿಗಿ ಆಕ್ಕೈತೇನೋ? ಹೋಗ್, ಸಕ್ಕರಿ ನಿನ್ನ ಅಂಗಡ್ಯಾಂದ ತಾ. ಪುಗಶೆಟ್ಟೆ ತಾ."

ಇಡೀ ಕಟ್ಟೆ ನಕ್ಕಿತು. ಧರೆಪ್ಪನೂ ನಕ್ಕ. ನಾನು ನಗಲಿಲ್ಲ. ಮಾತು ಕೊಟ್ಟಿದ್ದೇನೆ. ಅಬ್ಬಾಗೆ ಹೇಗೆ ಹೇಳಲಿ?

26 ಮಾರ್ಚ್, ಭಾನುವಾರ. ಬನಹಟ್ಟಿ.

ಹೇಳಲಿಲ್ಲ. ಅಮ್ಮಿಗೆ ಮಾತ್ರ ಹೇಳಿದೆ. ಅಮ್ಮಿಗೆ ಹೇಳಿದರೆ ಓಣಿಗೇ ಹೇಳಿದ ಹಾಗೆ ಅಂತ ಗೊತ್ತಿದ್ದೂ ಹೇಳಿದೆ.

ಫಾತಿಹಾ ಬರುತ್ತದೆ, ಯಾರಿಗೆ ಬರುವುದಿಲ್ಲ? ಆದರೆ ನಮಾಜಿನಲ್ಲಿ ಮನಸ್ಸಿನಲ್ಲೇ ಓದುವುದು ಬೇರೆ, ನೂರು ಜನರ ಮುಂದೆ ಗಟ್ಟಿಯಾಗಿ ಓದುವುದು ಬೇರೆ. ರೊಟ್ಟಿ ಬಡಿಯುತ್ತ ದನಿ ಎತ್ತಿ ಓದಿದೆ. ಪಡಸಾಲೆಯಿಂದ ಪೇಪರಿನ ಸದ್ದು ನಿಂತಿತು.

"ಅಲ್ಲಿ ಉಸಿರು ತಗೋಬೇಡ."

ಅಬ್ಬಾ. ತಲೆ ಎತ್ತಿರಲಿಲ್ಲ.

"ಕೊನೆಯ ಸಾಲು ಒಂದೇ ಉಸಿರಿಗೆ. ಇನ್ನೊಮ್ಮೆ ಓದು."

ಓದಿದೆ. ಮತ್ತೆ ತಿದ್ದಿದರು. ಚಿಕ್ಕವಳಿದ್ದಾಗ ಮಗ್ಗದ ಸಪ್ಪಳದ ನಡುವೆ ಹೀಗೇ ಕಲಿಸಿದ್ದರು. ರೊಟ್ಟಿ ಸೀದಿತು, ಅಮ್ಮಿ ಬೈಯಲಿಲ್ಲ. ಬಸ್ಸಿಗೆ ಹೊರಟಾಗ ಅಬ್ಬಾ ಬಾಗಿಲವರೆಗೆ ಬಂದರು. ಅವರ ಮಾತು ನಮ್ಮ ಮನೆಯ ಭಾಷೆಯಲ್ಲಿ, ನಾನು ಬರೆಯುವುದು ಕನ್ನಡದಲ್ಲಿ: ಪಂಜಾಕ್ಕೆ ಅಂತ ಓದಬೇಡ. ಮನೆ ಬಿಟ್ಟು ಹೋಗುವ ಜನರಿಗೆ ಅಂತ ಓದು. ಅಲ್ಲಾಹನ ಮಾತು, ಅವನು ಕೇಳಿಸಿಕೊಳ್ಳುತ್ತಾನೆ.

ರಬಕವಿ ದಾಟುವವರೆಗೆ ಅತ್ತೆ. ಪಕ್ಕದವಳು ಊರು ಯಾವುದು ಅಂತ ಕೇಳಲೂ ಇಲ್ಲ, ಪಾಪ.

6 ಏಪ್ರಿಲ್, ಗುರುವಾರ. ಸಂಜೆ 7.

ನಿನ್ನೆ ಯುಗಾದಿ. ಬೇವು ಬೆಲ್ಲ, ವೈಶಾಲಿಯ ಅತ್ತೆಯ ಮನೆಯ ಹೋಳಿಗೆ. ಇವತ್ತು ಇಬ್ಬರೂ ಮಾಳಿಗೆ ಹತ್ತಿದೆವು. ಅವಳು ಯುಗಾದಿ ಚಂದ್ರನನ್ನು ಹುಡುಕಿದಳು, ನಾನು ಮೊಹರಂ ಚಂದ್ರನನ್ನು. ಮೊದಲು ಅವಳಿಗೆ ಕಂಡಿತು. ಉಗುರಿನಷ್ಟು.

"ನಮ್ಮದಽ ಮೊದಲ ಬಂತು," ಅಂದಳು.

"ಎರಡೂ ಒಂದಽ ಲೇ ಹುಚ್ಚಿ."

ನಾಳೆ ಗುದ್ದಲಿ.

7 ಏಪ್ರಿಲ್, ಶುಕ್ರವಾರ

ಊದಿನ ವಾಸನೆ ಕೂದಲಿನಲ್ಲೇ ಇದೆ.

ಪೆಟ್ಟಿಗೆ ಒಯ್ಯಲು ಆಫೀಸ್ ಜೀಪು ತಂದಿದ್ದೆ. ಹೊಳೆಪ್ಪ ಜೀಪಿನ ಕಡೆ ನೋಡಲೂ ಇಲ್ಲ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಪೆಟ್ಟಿಗೆ, ಬರಿಗಾಲು. ಹಲಗೆ ಬಾರಿಸುತ್ತ ಇಡೀ ಊರು ಹಿಂದೆ. ಮುಜಾವರ ಪೆಟ್ಟಿಗೆಯ ಮುಂದೆ ನಡೆಯಬೇಕಂತೆ. ನಾನೂ ಚಪ್ಪಲಿ ಬಿಟ್ಟೆ. ಮಡ್ಡಿಯ ಗರಸು, ಮೂರು ಗಂಟೆಯ ಬಿಸಿಲು. ಕುಣಿದದ್ದೋ ನಡೆದದ್ದೋ ನನಗೇ ಗೊತ್ತಾಗಲಿಲ್ಲ. ಖಾಲಿ ಜೀಪು ನಮ್ಮ ಹಿಂದೆ, ಅದರಲ್ಲಿ ಮಹಾಲಿಂಗಪ್ಪ ಸರ್ ಒಬ್ಬರೇ.

ಮೈದಾನದ ಮೂಲೆ ಸಾರಿಸಿ ಇಟ್ಟಿದ್ದರು. ತಾಟಿನಲ್ಲಿ ಸಕ್ಕರೆ, ಧರೆಪ್ಪನದು. ದುಪ್ಪಟ್ಟಾ ತಲೆಯ ಮೇಲೆ ಎಳೆದುಕೊಂಡು ಕೂತೆ. ಹಲಗೆ ನಿಂತಿತು. ಮನೆ ಬಿಟ್ಟು ಹೋಗುವ ಜನರಿಗೆ ಅಂತ ಓದು... ಓದಿದೆ. ಕೊನೆಯ ಸಾಲು ಒಂದೇ ಉಸಿರಿಗೆ. ಕೈ ಎತ್ತಿ ದುವಾ ಮಾಡಿದೆ, ಅರಬ್ಬಿಯಲ್ಲಿ ಅಲ್ಲ, ಬಾಯಿಗೆ ಬಂದ ಕನ್ನಡದಲ್ಲಿ. ಯಾರ ಮನೆಯೂ ಒಡೆಯದಿರಲಿ, ನಳದಲ್ಲಿ ನೀರು ಬರಲಿ, ಹೊಸ ಮನೆಯಲ್ಲಿ ಕೂಸು ಹುಟ್ಟಲಿ. "ಆಮೀನ್" ಅಂತ ಹೇಳುವುದು ಗೊತ್ತಿರಲಿಲ್ಲವೇನೋ, ಎಲ್ಲರೂ "ಹೌದು ಹೌದು" ಅಂದರು. ಅದೇ ಆಮೀನ್.

ಹೊಳೆಪ್ಪ ಗುದ್ದಲಿ ಎತ್ತಿ ಹಾಕಿದ. ಟಣ್! ಕಿಡಿ ಹಾರಿತು. ಕುಣಿ ಮಾತ್ರ ಒಂದು ಬೆರಳೂ ಇಳಿಯಲಿಲ್ಲ.

"ಎಪ್ಪಾ, ದೇವ್ರಿಗೂ ಗಟ್ಟಿ ನೆಲಾನ ಕೊಟ್ಟಾರಲ್ರಿ ಸರ್ಕಾರದಾವ್ರು!"

ನಕ್ಕೂ ನಕ್ಕೂ ಸಾಕಾಯಿತು. ಹಾರೆ ತಂದರು, ನೀರು ಸುರಿದರು, ಸರ್ ತೋಳು ಮಡಚಿ ತಾವೂ ಒಂದು ಏಟು ಹಾಕಿದರು. ಕತ್ತಲಾಗುವಷ್ಟರಲ್ಲಿ ಮೊಣಕಾಲುದ್ದ ಕುಣಿ. ಹಣಮವ್ವ ನನ್ನ ಬಾಯಿಗೆ ಸಕ್ಕರೆ ತುರುಕಿದಳು, ಮಾತಾಡಲು ಆಗದಷ್ಟು.

ಬರುತ್ತಾರೆ. ಎಲ್ಲರೂ ಮೇಲೆ ಬರುತ್ತಾರೆ!

16 ಏಪ್ರಿಲ್

ಮೊಹರಂ ಕೊನೆಯ ದಿನ. ಹುಸೇನಸಾಬನನ್ನು ಹೊತ್ತ ಹೊಳೆಪ್ಪನ ಕಣ್ಣಲ್ಲಿ ನೀರು. ಹತ್ತಿರ ಹೋಗಿ ನಿಂತೆ, ಕಿಟಕಿಯಿಂದ ನೋಡಿದ್ದು ಸಾಕು. ಮೊಹರಂನ ಸಿಹಿ ರೊಟ್ಟಿ ಚೊಂಗೆ ತಿಂದೆ. ಮನೆಗೆ ಒಂದು ಡಬ್ಬಿ. ಅಮ್ಮಿ ತಿಂದಳು. ಅಬ್ಬಾ ತಿನ್ನಲಿಲ್ಲ, ಓದಿದ್ದು ಸರಿಯಾಯಿತೇ ಅಂತ ಮಾತ್ರ ಕೇಳಿದರು.

9 ಜೂನ್

ಬರೆಯಲು ಪುರುಸೊತ್ತೇ ಇಲ್ಲ. ಟ್ರ್ಯಾಕ್ಟರ್, ಹಂಚು, ತೊಲೆ, ಬಾಗಿಲು, ಕೋಳಿ, ಬೆಕ್ಕು. ದಿನಾ ಮೂರು ಜಗಳ, ಎರಡು ರಾಜಿ. ಮೂರನೆಯದಕ್ಕೆ ಹಣಮವ್ವ. ನಳದಲ್ಲಿ ನೀರು ಬಂತು. ಕೆಂಪಗೆ, ಆದರೂ ನೀರೇ. ಊರಲ್ಲಿ ಹಗೇವುಗಳನ್ನು ತೆಗೆಯುತ್ತಿದ್ದಾರೆ. ನೆಲದೊಳಗೆ ಇಟ್ಟ ಜೋಳ, ಇಳಿದವನಿಗೆ ಉಸಿರು ಕಟ್ಟುವ ವಾಸನೆ.

11 ಜೂನ್, ಭಾನುವಾರ. ಬನಹಟ್ಟಿ.

ಬೆಳಿಗ್ಗೆ ಮನೆ ಮುಂದೆ ಟೆಂಪೊ. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಒಳಗಿದ್ದೆ. ಬಾಗಿಲು ತೆರೆದವರು ಅಬ್ಬಾ. ಹೊರಗೆ ಹೊಳೆಪ್ಪನ ದನಿ —

"ಮುಜಾವರರ ಮನಿ ಇದಽ ಏನ್ರಿ?"

ಯಾ ಅಲ್ಲಾ. ಅಬ್ಬಾಗೆ!

"ಇಲ್ಲಿ ಮುಜಾವರ ಯಾರೂ ಇಲ್ಲಪಾ."

"ಅದಾರ್ರಿ. ನಿಮ್ಮ ಮಗಳು."

ಎಣ್ಣೆ ತಲೆಯಲ್ಲೇ ಓಡಿ ಬಂದೆ. ಟೆಂಪೊದಲ್ಲಿ ಜೋಳದ ಚೀಲ. ಊರಿನ ಪದ್ಧತಿಯಂತೆ — ಓದಿಕೆ ಮಾಡಿದವರಿಗೆ ಮನೆಗೊಂದು ಸೇರು. ಅದು ಹಕ್ಕು, ದಾನ ಅಲ್ಲ. ಅಷ್ಟೇ ಅಲ್ಲ, ಹೊಸ ಮಸೂತಿಯ ಬಾಜೂಕ್ಕೆ ಮುಜಾವರರ ಮನೆಗೆ ಅಂತ ಜಾಗ ಬಿಟ್ಟು ಬೇಲಿ ಹಚ್ಚಿದ್ದಾರಂತೆ. ಸರ್‌ಗೆ ಗೊತ್ತಾದರೆ ಚಸ್ಮಾದ ಗಾಜೇ ಸವೆಯುತ್ತದೆ.

ಅಬ್ಬಾ ಕೈ ಜೋಡಿಸಿದರು. "ಇದು ನಮಗ ಬ್ಯಾಡಪಾ. ನಮ್ಮಲ್ಲಿ ಹಿಂಗ ತಗೊಳ್ಳಾಂಗಿಲ್ಲ."

"ಒಲ್ಲೆ ಅನಬ್ಯಾಡ್ರಿ ಯಜಮಾನ್ರ. ಹಗೇವಿನ ಕಡೀ ಜ್ವಾಳರಿ ಇದು. ಮುಂದಿನ ತಿಂಗಳ ಆ ಹೊಲ ನೀರಾಗ ಹೊಕ್ಕಾವು. ಆ ಮಣ್ಣಿನ ಕಾಳು ಇನ್ನ ಯಾರಿಗೂ ಸಿಗಾಂಗಿಲ್ಲ. ನಮ್ಮೂರಾವ್ರು ಎಲ್ಲಾರೂ ಒಂದೊಂದು ಚೀಲಾ ಇಟ್ಟುಕೊಂಡೇವಿ. ಇವ್ರದೂ ಒಂದು."

ಅಬ್ಬಾ ಚೀಲದ ಬಾಯಿ ಬಿಚ್ಚಿದರು. ಒಂದು ಹಿಡಿ ತೆಗೆದು ಮೂಸಿದರು. ಬಹಳ ಹೊತ್ತು ಕೈ ಮೂಗಿನ ಹತ್ತಿರವೇ ಇತ್ತು. ಆಮೇಲೆ ಹೇಳಿದರು — ಮಾಲೆಗಾಂವ್ ಬಿಡುವಾಗ ಅವರ ಅಮ್ಮಾ ಒಂದು ಗಂಟು ಸಜ್ಜೆ ಕಟ್ಟಿಕೊಟ್ಟಿದ್ದಳಂತೆ. ಬನಹಟ್ಟಿಗೆ ಬಂದ ವಾರದಲ್ಲೇ ಬೀಸಿಸಿ ತಿಂದುಬಿಟ್ಟರಂತೆ, ಹಸಿವಿಗೆ. ಒಂದು ಮುಷ್ಟಿಯನ್ನಾದರೂ ಇಟ್ಟುಕೊಳ್ಳಬೇಕಿತ್ತು ಅಂದರು. ನನಗೆ ಇಪ್ಪತ್ತೈದು ವರ್ಷ, ಈ ಮಾತು ಇವತ್ತೇ ಕೇಳಿದ್ದು.

"ಒಳಗ ಇಡು," ಅಂದರು ಹೊಳೆಪ್ಪನಿಗೆ. "ಊಟ ಮಾಡ್ಕೊಂಡ ಹೋಗು."

ಮಧ್ಯಾಹ್ನ ಹಗೇವಿನ ಜೋಳದ ರೊಟ್ಟಿ, ಅಮ್ಮಿಯ ದಾಲ್ಚಾ. ಹೊಳೆಪ್ಪ ಐದು ತಿಂದ. ಅಬ್ಬಾ ಮೂರು. ಹಗೇವಿನ ವಾಸನೆ ಇನ್ನೂ ಇತ್ತು. ಒಂದು ಹಿಡಿ ಕಾಳನ್ನು ಅಮ್ಮಿ ಬರಣಿಗೆ ಹಾಕಿ ಮೇಲಿನ ಗೂಡಿನಲ್ಲಿ ಇಟ್ಟಳು. ಯಾರು ಹೇಳಿದರು ಅಂತ ನಾನು ಕೇಳಲಿಲ್ಲ.

2 ಆಗಸ್ಟ್, ಬುಧವಾರ. ಜಮಖಂಡಿ. ರಾತ್ರಿ ಊಟದ ನಂತರ.

ಹೊಳೆಗುಂದಿ ನೀರಿನಲ್ಲಿ. ನೋಡಿ ಬಂದೆ. ಹಣಮಪ್ಪನ ಗುಡಿಯ ಕಳಸ ಮಾತ್ರ ಮೇಲೆ, ಅದರ ಮೇಲೊಂದು ಕೊಕ್ಕರೆ. ಮೇಲೆ ಆರ್.ಸಿ.ಯಲ್ಲಿ ಒಬ್ಬರೂ ತಪ್ಪದೆ ಎಲ್ಲ ಇದ್ದಾರೆ. ಒಂದು ಕೂಸೂ ಹುಟ್ಟಿದೆ. ಪುಣ್ಯಕ್ಕೆ ಹೆಣ್ಣು. ಅಫ್ರೋಜವ್ವ ಅಂತ ಇಡುತ್ತೇವೆ ಅಂದರು, ಬೇಡಪ್ಪಾ, ಆ ಹುಡುಗಿಯನ್ನು ಬಸ್ಸಿನಲ್ಲಿ ಯಾರೂ ಬಿಡುವುದಿಲ್ಲ ಅಂದೆ. ಕೇಳುವವರು ಯಾರು?

ಹಣಮವ್ವನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆತಂದೆ. ಬಸ್ಸಿನಲ್ಲಿ ಎದುರು ಕೂತ ಹೆಂಗಸಿಗೆ ಬಾಯಿ ತುರಿಕೆ.

"ಯಾವೂರ್ರಿ ಬಾಯಾರ ನಿಮ್ಮದು?"

"ಬನಹಟ್ಟಿ."

"ಅದಲ್ರಿ. ಖರೆ ಊರು?"

ನಾನು ಮಾಲೆಗಾಂವ್ ಅನ್ನಲು ಬಾಯಿ ತೆರೆದೆ. ಹಣಮವ್ವ ನನ್ನ ಮೊಣಕಾಲ ಮೇಲೆ ಕೈ ಊರಿ ಮುಂದೆ ಬಾಗಿದಳು.

"ನಮ್ಮೂರಾಕಿ. ಹೊಳೆಗುಂದಿ."

"ಹೊಳೆಗುಂದಿ ಮುಳಗೇತಲ್ಲಬೇ ಆಯಿ?"

"ನೆಲಾ ಮುಳಗೇತಿ. ನಾವೇನ ಮುಳಗೇವೇನ? ಮುಂದ ಕೇಳು, ನಿಂದ್ಯಾವೂರು?"

ಹೆಂಗಸು ಕಿಟಕಿಯ ಕಡೆ ತಿರುಗಿದಳು. ಹಣಮವ್ವ ಚೀಲದಿಂದ ಎಲೆ ತೆಗೆದು ಅರ್ಧ ನನಗೆ ಕೊಟ್ಟಳು. ನಾನು ಎಲೆ ತಿನ್ನುವುದಿಲ್ಲ. ಇವತ್ತು ತಿಂದೆ. ಈಗ ಮಗ್ಗಲಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ, ವೈಶಾಲಿಯ ಹಾಸಿಗೆಯಲ್ಲಿ. ವೈಶಾಲಿ ನೆಲದ ಮೇಲೆ, ಕನ್ನಡಿ ಹಿಡಿದುಕೊಂಡು.

ನಾಳೆ ಅಬ್ಬಾಗೆ ಫೋನ್ ಮಾಡಬೇಕು. ಇನ್ನು ಯಾರಾದರೂ ಕೇಳಲಿ, ಬಸ್ಸಿನಲ್ಲಾಗಲಿ ಆಫೀಸಿನಲ್ಲಾಗಲಿ, ನಿನ್ನ ಖರೆ ಊರು ಯಾವುದು ಅಂತ. ನಾನು ಹೇಳುವುದು —

ಕರೆಂಟು ಹೋ